ಶಿವರುದ್ರಮ್ಮನ ವಿಳಾಸ

"ಮುಟ್ಟಬೇಡ. ಅಲ್ಲೇ ಇರ್ಲಿ."

ಸಬ್ ಇನ್ಸ್‌ಪೆಕ್ಟರ್ ಗಂಗಲಕ್ಷ್ಮಿಯ ಮಾತಿಗೆ ಸಿಂಧು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ದಬ್ಬೇಘಟ್ಟದ ಆ ಮನೆಯ ಜಗಲಿಯ ಮೇಲೆ, ಹುಣಸೆಹಣ್ಣು ಬಿಡಿಸಲು ಹಾಸಿದ್ದ ಗೋಣಿತಾಟಿನ ನಡುವೆ ರಟ್ಟಿನ ಪೆಟ್ಟಿಗೆಯೊಂದು ಕೂತಿತ್ತು. ಅದರ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಒಂದೇ ಪದದ ಹೆಸರು: ಸಿಂಧೂರಿ.

ಆಧಾರ್ ಕಾರ್ಡಿನಲ್ಲಿ ಇಲ್ಲದ ಹೆಸರು ಅದು. ಗಂಡ ಜ್ಞಾನೇಶ್ ಒಬ್ಬನೇ ಅವಳನ್ನು ಹಾಗೆ ಕರೆಯುತ್ತಿದ್ದ. ಅವನ ಕೈಯಿಂದ ತಪ್ಪಿಸಿಕೊಂಡು ದಾವಣಗೆರೆಯಿಂದ ಓಡಿಬಂದು, ದೂರದ ಸಂಬಂಧದ ದೊಡ್ಡಮ್ಮ ಶಿವರುದ್ರಮ್ಮನ ಮನೆಯಲ್ಲಿ ಅಡಗಿರುವ ಅವಳಿಗೆ, ಯಾರೂ ತರಿಸದ ಪಾರ್ಸೆಲ್ ಬರುತ್ತಿರುವುದು ಇದು ಮೂರನೆಯ ಸಲ.

ಗಂಗಲಕ್ಷ್ಮಿ ಕೈಗವಸು ಹಾಕಿಕೊಂಡು ಟೇಪು ಸೀಳಿದಳು. ಒಳಗಿನ ಕಾಗದ ಸರಿಸಿದಳು.

ಕತ್ತರಿ. ಟೈಲರುಗಳು ಬಟ್ಟೆ ಕತ್ತರಿಸುವ ಉದ್ದನೆಯ, ಕಪ್ಪು ಹಿಡಿಯ ಕತ್ತರಿ.

ಶಿವರುದ್ರಮ್ಮ "ಶಿವಶಿವಾ" ಎಂದು ಬಾಗಿಲಿಗೊರಗಿದರು. ಸಿಂಧುವಿನ ಕೈ ತಾನಾಗಿ ಕುತ್ತಿಗೆಯ ಸೆರಗಿನ ಮೇಲೆ ಹೋಯಿತು. ಆ ಸೆರಗಿನ ಕೆಳಗೆ ಏನಿದೆಯೆಂದು ಗಂಗಲಕ್ಷ್ಮಿಗೆ ಗೊತ್ತಿತ್ತು. ಆ ಗಾಯದ ಫೋಟೋ ನೋಡಿಯೇ ನ್ಯಾಯಾಲಯ ಜ್ಞಾನೇಶ್ ಅವಳ ಹತ್ತಿರ ಸುಳಿಯಕೂಡದೆಂದು ಆದೇಶ ಮಾಡಿತ್ತು.

"ಹೆದರಿಸೋಕೆ ಕಳ್ಸವ್ನೆ," ಎಂದರು ಶಿವರುದ್ರಮ್ಮ. "ಇನ್ನೇನಕ್ಕೆ ಕತ್ತರಿ ಕಳಿಸ್ತಾರೆ?"

ಸಿಂಧು ಮಾತ್ರ ಕತ್ತರಿಯನ್ನೇ ದಿಟ್ಟಿಸುತ್ತಿದ್ದಳು. ಭಯಕ್ಕಿಂತ ಬೇರೆ ಏನೋ ಅವಳ ಮುಖದಲ್ಲಿತ್ತು.

"ಮೇಡಂ, ಇದನ್ನ ನಾನೇ ಆರಿಸಿಟ್ಟಿದ್ದೆ."

"ಆರ್ಡರ್ ಮಾಡಿದ್ಯಾ?"

"ಇಲ್ಲ. ಟೈಲರಿಂಗ್ ಶುರು ಮಾಡೋಣ ಅಂತ ನೋಡಿದ್ದೆ. ಇದೇ ಕತ್ತರಿ, ಇದೇ ಹಿಡಿ. ಕಾರ್ಟಿಗೆ ಹಾಕಿ ಸುಮ್ನಾದೆ." ಅವಳ ದನಿ ಇಳಿಯಿತು. "ಮೊದಲು ಬಂದ ಬೆಡ್‌ಶೀಟೂ ಹಂಗೇ. ಆ ಹೇರ್‌ಕ್ಲಿಪ್ಪೂ ಹಂಗೇ. ನಾನು ನೋಡಿ ಬಿಟ್ಟಿದ್ದೇ ಬತ್ತಾ ಇದೆ."

"ಅದೇನವ್ವಾ ಕಾರ್ಟು ಅಂದ್ರೆ?" ಶಿವರುದ್ರಮ್ಮ ಕೇಳಿದರು.

"ಅಂಗಡೀಲಿ ಸೀರೆ ಆರಿಸಿ, ಪಕ್ಕಕ್ಕಿಟ್ಟಿರಿ, ಆಮೇಲೆ ತಗೋತೀನಿ ಅಂತ ಹೇಳಿ ಬತ್ತೀವಲ್ಲ ದೊಡ್ಡಮ್ಮ, ಹಂಗೆ."

ಗಂಗಲಕ್ಷ್ಮಿ ಎದ್ದು ನಿಂತಳು. ಇಷ್ಟು ದಿನ ಅವಳು ಪಾರ್ಸೆಲ್ ತಂದುಕೊಡುವವರ ಬೆನ್ನು ಹತ್ತಿದ್ದಳು. ಮನೆಗೆ ಬಂದ ವಸ್ತು ಯಾವುದೆಂದು ತಂದವನಿಗೆ ಗೊತ್ತಿರಬಹುದು. ಕೊಳ್ಳದೆ ಬಿಟ್ಟದ್ದು ಅವನಿಗೆ ಹೇಗೆ ಗೊತ್ತಾದೀತು? ಇದನ್ನು ತಿಳಿಯಬೇಕಾದರೆ ಸಿಂಧುವಿನ ಖಾತೆಯೊಳಗೇ ಹೊಕ್ಕಿರಬೇಕು.

"ಸಿಂಧು, ಓಟಿಪಿ ಯಾರಿಗಾದ್ರೂ ಹೇಳಿದ್ಯಾ?"

ಸಿಂಧು ಹುಣಸೆಹಣ್ಣಿನ ನಾರೊಂದನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

"ನಾನು ಬಯ್ಯೋಕೆ ಕೇಳ್ತಿಲ್ಲ ಕಣಮ್ಮ."

"ಒಂದು ಚೂಡಿದಾರ ತರಿಸಿದ್ದೆ ಮೇಡಂ. ಅಳತೆ ಸರಿ ಹೋಗ್ಲಿಲ್ಲ, ವಾಪಸ್ ಕೊಟ್ಟೆ. ಆಮೇಲೆ ಒಬ್ಬ ಫೋನ್ ಮಾಡ್ದ. ನಿಮ್ಮ ದುಡ್ಡು ವಾಪಸ್ ಹಾಕ್ಬೇಕು, ಒಂದು ನಂಬರ್ ಬತ್ತದೆ ಹೇಳಿ ಅಂದ. ಆರ್ಡರ್ ನಂಬರು, ಚೂಡಿದಾರದ ಬಣ್ಣ, ಸೈಜು ಎಲ್ಲಾ ಅವನೇ ಹೇಳ್ದ. ಇಷ್ಟೆಲ್ಲಾ ಗೊತ್ತಿರೋನು ಕಂಪ್ನಿಯವನೇ ಇರ್ಬೇಕು ಅಂದ್ಕೊಂಡೆ."

"ನಿನ್ನ ಏನಂತ ಕರೆದ?"

"ಶಿವರುದ್ರಮ್ಮನವ್ರಾ ಅಂದ. ನನ್ನ ಹೆಸರು ಎಲ್ಲೂ ಬರಬಾರ್ದು ಅಂತ ದೊಡ್ಡಮ್ಮನ ಹೆಸರಲ್ಲೇ ಖಾತೆ ಮಾಡಿದ್ದೆ." ಅವಳು ಬೆರಳಿನ ನಾರನ್ನು ಬಿಡಿಸಿದಳು. "ಒಂದು ವಿಚಿತ್ರ ಮೇಡಂ. ನಂಬರ್ ಹೇಳಿದ ಮೇಲೂ ಅವನು ಫೋನ್ ಇಡ್ಲಿಲ್ಲ. ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ, ನಿಮ್ಮ ಅಡ್ರೆಸ್ ಓದಿ ಹೇಳಿ ಅಂತ ಮಾತಾಡಿಸ್ತಾನೇ ಇದ್ದ."

ಗಂಗಲಕ್ಷ್ಮಿಗೆ ಈಗ ಅರ್ಥವಾಯಿತು. ಅವನಿಗೆ ಕೇಳಿಸಿರಲಿಲ್ಲವೆಂದಲ್ಲ. ಪಕ್ಕದಲ್ಲಿ ಇನ್ಯಾರೋ ಕೂತು ಸಿಂಧುವಿನ ದನಿಯ ಗುರುತು ಹಿಡಿಯುತ್ತಿದ್ದರು.

"ಜ್ಞಾನೇಶ್‌ಗೆ ನಿನ್ನ ದೊಡ್ಡಮ್ಮನ ಹೆಸರು ಗೊತ್ತಾ?"

"ಇಲ್ಲವೇ ಇಲ್ಲ," ಶಿವರುದ್ರಮ್ಮನೇ ಹೇಳಿದರು. "ಇವಳು ಲಂಗ ಹಾಕ್ತಿದ್ದಾಗಿಂದ ಅವರ ಮನೆಗೂ ನಮ್ಮನೆಗೂ ಮಾತಿಲ್ಲ ಕಣಮ್ಮ. ಮದುವೆಗೂ ಕರೀಲಿಲ್ಲ. ನಾನು ಬದುಕಿದೀನಿ ಅಂತ್ಲೂ ಅವನಿಗೆ ಗೊತ್ತಿರಾಕಿಲ್ಲ."

ಅಲ್ಲಿಗೆ ಗಂಟು ಇನ್ನಷ್ಟು ಬಿಗಿಯಿತು. ತಾಲ್ಲೂಕಿಗೆಲ್ಲ ಪಾರ್ಸೆಲ್ ಬರುತ್ತದೆ. ಅಷ್ಟು ಜನರ ನಡುವೆ ಶಿವರುದ್ರಮ್ಮ ಎಂಬ ಒಂದು ಹೆಸರಿನ ಮೇಲೇ ಒಬ್ಬನ ಬೆರಳು ಹೇಗೆ ನಿಂತಿತು?

"ಚಪ್ಪಲಿ ಮೆಟ್ಟಿಕೋ," ಎಂದಳು ಸಿಂಧುವಿಗೆ. "ತುರುವೇಕೆರೆಗೆ ಹೋಗ್ಬೇಕು. ನಿನ್ನ ಚೂಡಿದಾರ ವಾಪಸ್ ಹೋಗಿದ್ದು ಯಾರ ಕೈಯಿಂದ ಅಂತ ನೋಡೋಣ."

ಇಬ್ಬರೂ ತುರುವೇಕೆರೆಗೆ ಹೊರಟರು. ಜೀಪು ಓಡಿಸುತ್ತಿದ್ದ ತಿಮ್ಮರಾಜು ಇವತ್ತು ಎಂದಿನಂತೆ ಕೊಬ್ಬರಿ ರೇಟಿನ ಸುದ್ದಿ ತೆಗೆಯಲಿಲ್ಲ. ಎರಡೂ ಬದಿಯ ತೋಟಗಳಿಂದ ಗರಿಗಳ ನೆರಳು ಜೀಪಿನ ಮೇಲೆ ಬಿದ್ದು ಸರಿಯುತ್ತಿತ್ತು. ಹೋದ ತಿಂಗಳು ಮಿಕ್ಸಿ ಬಂದ ಪೆಟ್ಟಿಗೆಯನ್ನು ನೊಣವಿನಕೆರೆಯ ತನ್ನ ಮನೆಯ ಹಿಂದಿನ ತಿಪ್ಪೆಗೆ ಹಾಗೆಯೇ ಎಸೆದದ್ದು ಗಂಗಲಕ್ಷ್ಮಿಗೆ ನೆನಪಾಯಿತು. ಹೆಸರು, ಫೋನು, ಮನೆಯ ಗುರುತು ಎಲ್ಲ ಅದರ ಮೈಮೇಲಿತ್ತು. ಪೊಲೀಸಾಗಿದ್ದೂ ತನಗೇ ಅದರ ಅಪಾಯ ಹೊಳೆದಿರಲಿಲ್ಲ.

ರೇಣುಕಪ್ರಸಾದನ ಪಾರ್ಸೆಲ್ ಕೇಂದ್ರ ಮೊದಲು ಅವನ ಅಪ್ಪನ ಕೊಬ್ಬರಿ ಗೋದಾಮಾಗಿತ್ತು. ಮೂಟೆಗಳಿದ್ದ ಜಾಗದಲ್ಲಿ ಈಗ ರಟ್ಟಿನ ಪೆಟ್ಟಿಗೆಗಳು, ಪ್ಲಾಸ್ಟಿಕ್ ಚೀಲಗಳು ರಾಶಿ ಬಿದ್ದಿದ್ದವು. ಆದರೂ ಹಳೆಯ ಎಣ್ಣೆಯ ಕಮಟು ವಾಸನೆ ಗೋಡೆ ಬಿಟ್ಟಿರಲಿಲ್ಲ. ಹೊಸ ಬಟ್ಟೆ, ಹೊಸ ಚಪ್ಪಲಿ, ಹೊಸ ಮೊಬೈಲು, ಎಲ್ಲವೂ ಇಲ್ಲಿಂದ ಹೊರಡುವಾಗ ಒಂದಿಷ್ಟು ಕೊಬ್ಬರಿ ವಾಸನೆ ಹೊತ್ತೇ ಹೋಗುತ್ತಿದ್ದವು.

ಗಂಗಲಕ್ಷ್ಮಿ ಸಿಂಧುವನ್ನು ಜೀಪಿನಲ್ಲೇ ಕೂರಿಸಿ ಒಬ್ಬಳೇ ಒಳಗೆ ಹೋದಳು.

"ಬನ್ನಿ ಮೇಡಂ, ಬನ್ನಿ." ಹಣೆಯ ಮೇಲೆ ವಿಭೂತಿ, ಕಿವಿಯಲ್ಲಿ ಬ್ಲೂಟೂತು. ರೇಣುಕಪ್ರಸಾದ್ ಕುರ್ಚಿ ಒರೆಸಿದ. "ಎಳನೀರು ತರಿಸ್ಲಾ?"

"ಬೇಡ." ಕತ್ತರಿಯಿದ್ದ ಕವರನ್ನು ಅವಳು ಮೇಜಿನ ಮೇಲಿಟ್ಟಳು. "ಇದು ನಿಮ್ಮ ಕೈಯಿಂದ ದಬ್ಬೇಘಟ್ಟಕ್ಕೆ ಹೋಗಿದ್ದು."

"ಇರಬೋದು ಮೇಡಂ. ಒಳಗೇನೈತೆ ಅಂತ ನಮಗ್ಯಾಕೆ? ಬಂದಿದ್ದು ಬಂದಂಗೆ ಕಳಿಸ್ತೀವಿ."

ಗಂಗಲಕ್ಷ್ಮಿ ಅವನ ಮಾತು ಕೇಳುತ್ತ ಕಣ್ಣನ್ನು ಗೋದಾಮಿನ ಸುತ್ತ ಆಡಿಸಿದಳು. ಪಾರ್ಸೆಲ್ ವಿಂಗಡಿಸುವ ಉದ್ದನೆಯ ಮೇಜಿನ ತುದಿಯಲ್ಲಿ ಮೊಬೈಲ್ ನಿಲ್ಲಿಸುವ ಕಂಬಿಯೊಂದು ನಿಂತಿತ್ತು. ಫೋನಿನ ಕ್ಯಾಮೆರಾ ನೆಲದತ್ತ ಮುಖ ಮಾಡಿ ಕೂರುವಂತೆ ಅದನ್ನು ಬಾಗಿಸಿದ್ದರು. ಪಕ್ಕದಲ್ಲಿ ದುಂಡನೆಯ ಲೈಟು ಉರಿಯುತ್ತಿತ್ತು.

"ಅದ್ಯಾಕೆ?"

"ಪ್ರೂಫಿಗೆ. ಡ್ಯಾಮೇಜ್ ಆದ ಪಾರ್ಸೆಲ್ ಫೋಟೋ ತೆಗೀಬೇಕು, ಇಲ್ದಿದ್ರೆ ನಮ್ಮ ತಲೆಗೆ ಕಟ್ತಾರೆ."

ಅವಳು ಹತ್ತಿರ ಹೋಗಿ ಒಂದು ಪೆಟ್ಟಿಗೆಯನ್ನು ಕಂಬಿಯ ಕೆಳಗೆ ಸರಿಸಿದಳು. ಲೈಟಿನ ಬೆಳಕು ಪೆಟ್ಟಿಗೆಯ ಮೂಲೆಗಾಗಲೀ ಅಂಚಿಗಾಗಲೀ ಬೀಳಲಿಲ್ಲ. ನೇರವಾಗಿ ವಿಳಾಸದ ಚೀಟಿಯ ಮೇಲೆ ಬಿತ್ತು. ಮೇಜಿನ ಮೇಲಿದ್ದ ಉಳಿದ ಪೆಟ್ಟಿಗೆಗಳೂ ಚೀಟಿಯ ಮುಖ ಮೇಲೆ ಮಾಡಿ, ಒಂದರ ಹಿಂದೊಂದು ಸಾಲಾಗಿ ಕಾಯುತ್ತಿದ್ದವು. ಎಲ್ಲವೂ ಹೊಚ್ಚ ಹೊಸವು. ಒಂದಕ್ಕೂ ತರಚಿದ ಗಾಯವಿರಲಿಲ್ಲ.

"ಇವಕ್ಕೆಲ್ಲ ಏನು ಡ್ಯಾಮೇಜ್ ಆಗಿದೆ?"

ರೇಣುಕಪ್ರಸಾದ್ ಬ್ಲೂಟೂತನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡ.

"ಫೋನ್ ಕೊಡಿ."

"ಅದು ನನ್ನ ಸ್ವಂತದ್ದು ಮೇಡಂ."

"ಕೊಡಿ."

"ಅದರಲ್ಲಿ ನಮ್ಮನೆ ಹೆಣ್ಮಕ್ಕಳ ಫೋಟೋ, ಬ್ಯಾಂಕಿಂದು, ಎಲ್ಲಾ ಇರ್ತದೆ. ಹಂಗೆಲ್ಲಾ ಯಾರ ಕೈಗಾದ್ರೂ ಕೊಡೋಕಾಗ್ತದಾ?"

"ಊರ ಮಂದಿ ಮನೆ ವಿಷಯಾನ ಆ ಕಂಬಿ ಕೆಳಗಿಟ್ಟಾಗ ಇದು ಹೊಳೀಲಿಲ್ವಾ?"

ಅವನ ಮುಖದ ಬಣ್ಣ ಬದಲಾಯಿತು. ಆದರೆ ಸೋಲಲಿಲ್ಲ. ವ್ಯಾಪಾರಸ್ಥರ ಮನೆಯಲ್ಲಿ ಬೆಳೆದವನು, ಮಾತಿನಲ್ಲೇ ದಾಟಿಬಿಡಬಹುದೆಂಬ ಧೈರ್ಯ ಇನ್ನೂ ಇತ್ತು.

"ನೋಡಿ ಮೇಡಂ, ಬರೀ ಹೆಸರು, ನಂಬರು. ಮದುವೆ ಪತ್ರಿಕೆ ಮೇಲೆ ಇರ್ತದೆ, ಕಾಯಿ ಲೋಡಿನ ಲಾರಿ ಮೇಲೆ ಇರ್ತದೆ. ಯಾರೋ ಸರ್ವೆ ಮಾಡೋರು ಕೇಳಿದ್ರು, ಕೊಟ್ಟೆ. ನಾನೇನು ಯಾರ ಮನೆಗೂ ಕನ್ನ ಹಾಕಿಲ್ಲ. ಒಂದು ವಿಳಾಸದಲ್ಲಿ ಏನೈತೆ?"

ಗಂಗಲಕ್ಷ್ಮಿ ಬಾಗಿಲಿಗೆ ಹೋಗಿ ಜೀಪಿನತ್ತ ಕೈ ಮಾಡಿದಳು. ಸಿಂಧು ಇಳಿದು ಬಂದಳು. ಹೊಸಬರೆದುರು ನಿಲ್ಲುವಾಗ ಅವಳಿಗೆ ಗೋಡೆಗೆ ಬೆನ್ನು ಕೊಡುವ ಅಭ್ಯಾಸವಾಗಿಬಿಟ್ಟಿತ್ತು. ಇಲ್ಲಿಯೂ ಪೆಟ್ಟಿಗೆಗಳ ರಾಶಿಗೆ ಬೆನ್ನು ಮಾಡಿ ನಿಂತಳು.

"ಇವರಿಗೆ ಒಂದು ವಿಳಾಸದಲ್ಲಿ ಏನಿದೆ ಅಂತ ಗೊತ್ತಿಲ್ವಂತೆ ಸಿಂಧು. ತೋರಿಸ್ತೀಯಾ? ಬೇಡ ಅನ್ಸಿದ್ರೆ ಬೇಡ."

ಸಿಂಧು ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಸೆರಗು ಸರಿಸಿದಳು. ಕಿವಿಯ ಕೆಳಗಿನಿಂದ ಕೊರಳ ಗುಳಿಯವರೆಗೆ ಚರ್ಮ ಸುಕ್ಕುಗಟ್ಟಿ, ಕೆಂಪಗೆ ಗಂಟುಗಂಟಾಗಿತ್ತು.

"ಕಾದ ಎಣ್ಣೆ," ಎಂದಳು. "ಇನ್ನೊಂದ್ಸಲ ಸಿಕ್ಕಿದ್ರೆ ಮುಖಕ್ಕೇ ಹಾಕ್ತೀನಿ ಅಂದವ್ನೆ. ಸಿಗಬಾರ್ದು ಅಂತ ಇಲ್ಲಿಗೆ ಬಂದೆ ಅಣ್ಣಾ."

ಅವಳ 'ಅಣ್ಣಾ' ಎಂಬ ಮಾತು ರೇಣುಕಪ್ರಸಾದನನ್ನು ಮುರಿಯಿತು. ಅವನು ಕುರ್ಚಿ ಹುಡುಕಿಕೊಂಡು ಕೂತ. ಫೋನಿನ ಲಾಕ್ ತೆಗೆದು ಅದನ್ನು ಮೇಜಿನ ಮೇಲೆ ಜಾರಿಸಿದ.

"ದೇವರಾಣೆ, ಇಂಥದ್ದು ಅಂತ ಗೊತ್ತಿರ್ಲಿಲ್ಲ ಮೇಡಂ."

"ಯಾರಿಗೆ ಕಳಿಸ್ತಿದ್ರಿ?"

"ಒಂದು ಹೆಣ್ಣುಮಗಳು. ಮುಖ ನೋಡಿಲ್ಲ. ಟೈಪ್ ಮಾಡಲ್ಲ, ವಾಯ್ಸ್ ಮೆಸೇಜೇ ಹಾಕ್ತಾಳೆ."

ಗಂಗಲಕ್ಷ್ಮಿಯ ಹುಬ್ಬು ಗಂಟಾಯಿತು. ಅವಳು ಗಂಡಸಿನ ದನಿಯನ್ನು ನಿರೀಕ್ಷಿಸಿದ್ದಳು. ಪರದೆಯನ್ನು ಹಿಂದಕ್ಕೆ ಸರಿಸುತ್ತ ಹೋದಳು. ಚೀಟಿಗಳು, ಚೀಟಿಗಳು. ತಾಲ್ಲೂಕಿನ ಅರ್ಧ ಮನೆಗಳ ಬಾಗಿಲು ಅಲ್ಲಿ ತೆರೆದುಕೊಂಡಿತ್ತು. ಅವುಗಳ ನಡುವೆ ಒಂದು ಚೀಟಿಯ ಕೆಳಗೆ ಮಾತ್ರ ಉತ್ತರವಾಗಿ ವಾಯ್ಸ್ ಮೆಸೇಜಿತ್ತು. ಶಿವರುದ್ರಮ್ಮ, ಹಾಲಿನ ಡೈರಿ ಎದುರು, ದಬ್ಬೇಘಟ್ಟ.

ಅವಳು ಒತ್ತಿದಳು.

"ಅಣ್ಣಾ, ಈ ಶಿವರುದ್ರಮ್ಮ ಅನ್ನೋರ ಪಾರ್ಸೆಲ್ಲಲ್ಲಿ ಏನಿತ್ತು ಅಂತ ಹೇಳ್ತೀರಾ? ಅದೊಂದು ಗೊತ್ತಾದ್ರೆ ಸಾಕು. ಪ್ಲೀಸ್ ಅಣ್ಣಾ." ಎಳೆಯ ದನಿ. ಕೊನೆಯಲ್ಲಿ ಸಂತೋಷಕ್ಕೆ ಉಸಿರು ಹಿಡಿದಂತಿತ್ತು.

ಅದರ ಕೆಳಗೆ ರೇಣುಕಪ್ರಸಾದನ ಉತ್ತರ: ಚೂಡಿದಾರ, ಮೀಡಿಯಂ, ವಾಪಸ್ ಕೊಟ್ಟವ್ರೆ.

ಸೀರೆ ಬಿಟ್ಟು ಬೇರೇನೂ ಉಡದ ಮುದುಕಿಯ ಹೆಸರಿಗೆ ಚೂಡಿದಾರ. ಶಿವರುದ್ರಮ್ಮ ಯಾರೆಂದು ಬಲ್ಲವರಿಗೆ ಅಷ್ಟು ಸಾಕಾಗಿತ್ತು. ಬಲ್ಲವರಿಗೆ ಮಾತ್ರ.

ಗಂಗಲಕ್ಷ್ಮಿ ತಲೆಯೆತ್ತಿದಳು. ಸಿಂಧು ಪೆಟ್ಟಿಗೆಗಳ ಮೇಲೇ ಕುಸಿದು ಕೂತಿದ್ದಳು.

"ಯಾರದು ಸಿಂಧು?"

"ಗಾನು." ತುಟಿ ಮಾತ್ರ ಅಲುಗಿತು. "ಗಾನವಿ. ನನ್ನ ತಂಗಿ."

"ಅವಳಿಗೆ ನೀನಿರೋದು..."

"ಹೇಳಿಲ್ಲ ಮೇಡಂ! ತುಮಕೂರಲ್ಲಿ ಹಾಸ್ಟೆಲ್ಲಲ್ಲಿ ಓದ್ತಾ ಇದಾಳೆ. ಅವಳಿಗೆ ಗೊತ್ತಿದ್ರೆ ಅವಳನ್ನ ಹಿಡಿದು ಬಾಯಿ ಬಿಡಿಸ್ತಾನೆ ಅಂತ ಅವಳಿಗೂ ಹೇಳ್ದೆ ಬಂದೆ. ನಮ್ಮನೇಲಿ ದೊಡ್ಡಮ್ಮನ ವಿಷಯ ಇಷ್ಟಪಟ್ಟು ಕೇಳ್ತಿದ್ದೋಳು ಅವಳೊಬ್ಳೇ, ಹೆಸರು ಅವಳಿಗೆ ಗೊತ್ತು." ಅವಳ ಕಣ್ಣು ತುಂಬಿ, ತಕ್ಷಣವೇ ಉರಿಯಿತು. "ನನ್ನ ಅವನಿಗೆ ಮಾರಿಬಿಟ್ಲಾ ಮೇಡಂ ನನ್ನ ತಂಗಿ?"

ಗಂಗಲಕ್ಷ್ಮಿ ಆ ಹುಡುಗಿಯ ಕೊನೆಯ ಮೆಸೇಜನ್ನು ಹುಡುಕಿ ಒತ್ತಿದಳು. ಈ ಸಲ ಪಿಸುಮಾತು.

"ಅಣ್ಣಾ, ಇನ್ಮೇಲೆ ಏನೂ ಕಳಿಸ್ಬೇಡಿ. ಯಾರ್ ಕೇಳಿದ್ರೂ ಕಳಿಸ್ಬೇಡಿ. ನಂಗೆ ಸುಳ್ಳು ಹೇಳಿದ್ರು ಭಾವ. ಅಕ್ಕನಿಗೆ ತಲೆ ಕೆಟ್ಟು ಎಲ್ಲೋ ಹೋಗವ್ಳೆ, ಹುಡುಕಿ ಆಸ್ಪತ್ರೆಗೆ ಸೇರಿಸೋಣ ಅಂದಿದ್ರು. ಅಣ್ಣಾ, ಆ ಶಿವರುದ್ರಮ್ಮನೋರಿಗೆ ಒಂದು ಮಾತು..."

ಬಾಗಿಲು ಬಡಿದ ಸದ್ದು. ಅಲ್ಲಿಗೆ ಮೆಸೇಜು ತುಂಡಾಗಿತ್ತು.

ಅದರ ಮರುದಿನದಿಂದ ದನಿಯಿಲ್ಲ. ಬರೀ ಅಕ್ಷರ: ಮುಂದುವರಿಸಿ.

"ಇದನ್ನ ಕೇಳಿದ ಮೇಲೂ ಕಳಿಸಿದ್ರಾ?"

ರೇಣುಕಪ್ರಸಾದ್ ನೆಲ ನೋಡುತ್ತಿದ್ದ.

"ಕಳಿಸಿದ್ರಾ?"

"ಅವರ ಮನೆ ಜಗಳ ಅಂದ್ಕೊಂಡೆ ಮೇಡಂ."

ಗಂಗಲಕ್ಷ್ಮಿ ಅವನ ಫೋನನ್ನು ಕವರಿಗೆ ಹಾಕಿಕೊಂಡು ಹೊರಗೆ ಬಂದಳು. ಸಿಂಧುವಿನಿಂದ ನಂಬರು ಪಡೆದು ತುಮಕೂರಿನ ಹಾಸ್ಟೆಲ್ಲಿಗೆ ಕರೆ ಮಾಡಿದಳು. ವಾರ್ಡನ್ ಗೊಣಗುತ್ತಲೇ ಉತ್ತರ ಕೊಟ್ಟರು. ಗಾನವಿಯಾ? ಅವಳ ಭಾವ ಬಂದು ಕರ್ಕೊಂಡು ಹೋದ್ರಲ್ಲ, ಮನೇಲಿ ಯಾರಿಗೋ ಹುಷಾರಿಲ್ಲ ಅಂತ. ಆಮೇಲೆ ಬಂದಿಲ್ಲ. ಫೋನೂ ಸ್ವಿಚ್ ಆಫ್.

ಜೀಪಿನಲ್ಲಿ ಸಿಂಧು ಮೊಣಕಾಲಿಗೆ ತಲೆಯಿಟ್ಟು ಕೂತಿದ್ದಳು. ತಂಗಿಯ ಮೇಲೆ ಬಂದ ಸಿಟ್ಟು ಈಗ ಅವಳನ್ನೇ ಸುಡುತ್ತಿತ್ತು.

"ಅಳೋಕೆ ಆಮೇಲೆ ಹೊತ್ತು ಸಿಗ್ತದೆ," ಎಂದಳು ಗಂಗಲಕ್ಷ್ಮಿ, ಆದಷ್ಟು ಮೆದುವಾಗಿ. "ನಿನ್ನ ಖಾತೆ ತೆಗಿ. ಒಳಗೆ ಹೊಕ್ಕೋನು ಏನೇನು ಮುಟ್ಟವ್ನೆ ಅಂತ ನೋಡಿ, ಎಲ್ಲಾ ಫೋನಿಂದಲೂ ಒಂದೇ ಸಲ ಲಾಗೌಟ್ ಮಾಡ್ಬುಡೋಣ."

ಸಿಂಧು ಕಣ್ಣೊರೆಸಿಕೊಂಡು ಆ್ಯಪ್ ತೆರೆದಳು. ಆರ್ಡರ್‌ಗಳು, ಅವಳದಲ್ಲದ ಮೂರು. ಆಮೇಲೆ ವಿಳಾಸಗಳು. ದೊಡ್ಡಮ್ಮನ ವಿಳಾಸ ಒಂದೇ ಇರಬೇಕಾದಲ್ಲಿ ಎರಡಿದ್ದವು.

ಎರಡನೆಯದರ ಊರು, ತಾಲ್ಲೂಕುಗಳ ಖಾನೆಯಲ್ಲಿ ಫೋನೇ ಜಾಗ ಹುಡುಕಿ ತುಂಬಿಸಿದ ಮಾಹಿತಿ: ಕಂದಿಕೆರೆ, ಚಿಕ್ಕನಾಯಕನಹಳ್ಳಿ. ಮನೆಯ ನಂಬರು ಬರೆಯುವಲ್ಲಿ ಯಾರೋ ಅವಸರದಲ್ಲಿ ಟೈಪು ಮಾಡಿದ್ದರು.

ಅಕ್ಕ ನಾನು ಗಾನು ತೋಟದ ಮನೆ ಹೊರಗಿಂದ ಬೀಗ

ಹತ್ತಿರದ ಗುರುತು ಎಂಬಲ್ಲಿ ಇನ್ನೊಂದು ಸಾಲು.

ಲಾಗೌಟ್ ಮಾಡ್ಬೇಡ ಆರ್ಡರ್ ಹಾಕೋಕೆ ಮಾತ್ರ ಫೋನ್ ಕೊಡ್ತಾನೆ ಇದೊಂದೇ ದಾರಿ

ಸಿಂಧುವಿನ ಬಾಯಿಂದ ಹೊರಟದ್ದು ಅಳುವೋ ನಗುವೋ ತಿಳಿಯಲಿಲ್ಲ. "ಬದುಕವ್ಳೆ ಮೇಡಂ. ನಮ್ಮ ಗಾನು ಬದುಕವ್ಳೆ."

ಗಂಗಲಕ್ಷ್ಮಿ ತಡೆಯುವ ಮೊದಲೇ ಅವಳ ಬೆರಳು ಓಡಿತು. ಹೊಸ ವಿಳಾಸ ಸೇರಿಸಿ. ಗಾನು, ನೋಡ್ದೆ. ಬತ್ತಾ ಇದೀವಿ.

"ತಿಮ್ಮರಾಜು, ಗಾಡಿ ತೆಗಿ," ಎಂದಳು ಗಂಗಲಕ್ಷ್ಮಿ. ಇನ್ನೊಂದು ಕೈಯಲ್ಲಿ ಆಗಲೇ ಚಿಕ್ಕನಾಯಕನಹಳ್ಳಿ ಠಾಣೆಯ ನಂಬರು ಒತ್ತುತ್ತಿದ್ದಳು. ಕಂದಿಕೆರೆಯ ಸುತ್ತ ಎಷ್ಟು ತೋಟ, ಎಷ್ಟು ತೋಟದ ಮನೆ. ಯಾವುದಕ್ಕೆ ಹೊರಗಿನಿಂದ ಬೀಗ?

"ಮೇಡಂ."

ಸಿಂಧುವಿನ ದನಿ ಕೇಳಿ ಅವಳು ತಿರುಗಿದಳು. ಪರದೆಯ ಮೇಲೆ ಗಾನವಿಯ ವಿಳಾಸವಿರಲಿಲ್ಲ. ಸಿಂಧು ಈಗಷ್ಟೇ ಬರೆದದ್ದೂ ಇರಲಿಲ್ಲ. ಎರಡನ್ನೂ ಯಾರೋ ಅಳಿಸಿದ್ದರು. ಆ ಜಾಗದಲ್ಲಿ ಹೊಸದೊಂದು ಮೂಡಿತು. ಇದರಲ್ಲಿ ಅವಸರವಿರಲಿಲ್ಲ. ಪ್ರತಿ ಅಕ್ಷರವೂ ನೆಟ್ಟಗಿತ್ತು.

ಸಿಂಧೂರಿ, ಪೊಲೀಸ್ ಜೀಪಿನಿಂದ ಇಳಿ. ಒಬ್ಬಳೇ ಬಾ. ಇಲ್ಲದಿದ್ದರೆ ಎಣ್ಣೆ ಇವಳಿಗೆ.

ಜೀಪು! ಗಂಗಲಕ್ಷ್ಮಿ ಗಕ್ಕನೆ ಸುತ್ತ ನೋಡಿದಳು. ರೇಣುಕಪ್ರಸಾದ್ ಷಟರಿನ ಕೆಳಗೆ ಕೈಕಟ್ಟಿ ನಿಂತಿದ್ದ, ಅವನ ಫೋನು ತನ್ನ ಬಳಿಯೇ ಇತ್ತು. ಅವನಲ್ಲ. ಬೀದಿಯಲ್ಲಿ ಗೂಡ್ಸ್ ಆಟೋ, ಸಂತೆ ಚೀಲ ಹಿಡಿದ ಇಬ್ಬರು ಹೆಂಗಸರು, ಮಲಗಿದ ನಾಯಿ. ಯಾರೂ ಇತ್ತ ನೋಡುತ್ತಿರಲಿಲ್ಲ.

ಆಮೇಲೆ ಅವಳ ಕಣ್ಣು ಷಟರಿನ ಮೇಲಕ್ಕೆ ಹೋಯಿತು. ಮೊಳೆಗೆ ಸಿಕ್ಕಿಸಿದ್ದ ಪುಟ್ಟ ಬಿಳಿ ಕ್ಯಾಮೆರಾ. ಎಲ್ಲೋ ಕೂತವರು ಅದರಿಂದ ನೋಡಬಹುದು, ಕೇಳಬಹುದು.

"ಅದು ಯಾರದ್ರೀ?" ಅವಳು ಕೂಗಿದಳು.

ರೇಣುಕಪ್ರಸಾದ್ ಕತ್ತೆತ್ತಿ ನೋಡಿದ. "ಆ ಸರ್ವೆಯೋರೇ ಕಳಿಸಿಕೊಟ್ಟಿದ್ದು ಮೇಡಂ. ಫ್ರೀ ಗಿಫ್ಟು ಅಂತ."

ಯಾರೂ ಮುಟ್ಟದಿದ್ದರೂ ಕ್ಯಾಮೆರಾ ಮೆಲ್ಲಗೆ ಹೊರಳಿ, ಜೀಪಿನ ಕಡೆಗೆ ಕಣ್ಣು ನೆಟ್ಟಿತು.

"ಮುಖ ತಗ್ಗಿಸು! ತಿಮ್ಮರಾಜು, ಹೊರಡು!"

ತಿಮ್ಮರಾಜು ಗೇರು ಹಾಕುವಷ್ಟರಲ್ಲಿ ಹಿಂದಿನ ಬಾಗಿಲು ತೆರೆದುಕೊಂಡಿತ್ತು. ಸಿಂಧು ಕೆಳಗಿಳಿದು, ಕೊರಳ ಸೆರಗನ್ನು ಕಿತ್ತು ಭುಜದ ಹಿಂದಕ್ಕೆಸೆದು, ಆ ಕ್ಯಾಮೆರಾದ ಎದುರು ಹೋಗಿ ನಿಂತಳು.

"ಬತ್ತೀನಿ," ಎಂದಳು. "ಒಬ್ಳೇ ಬತ್ತೀನಿ. ಎಲ್ಲಿಗೆ ಹೇಳು."

ಅವಳ ಕೈಯಲ್ಲಿದ್ದ ಫೋನು ರಿಂಗಾಯಿತು.